ಕತ್ತಿ ಕೊಟ್ಟ ಕೈ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದಿ ಯಾರಾದರೂ ನನ್ನನ್ನು ಪಾಪದ ಹೆಂಗಸು ಎಂದುಕೊಂಡಾರು. ಪಾಪದವಳಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಭದ್ರಾವತಿಯ ಕಾರ್ಮಿಕರ ನಾಟಕ ಸಂಘವೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ರಾಣಿಯಾಗಿದ್ದೆ. ವರ್ಷಕ್ಕೊಂದೇ ಪ್ರದರ್ಶನ, ಅದೂ ಅದೇ ನಾಟಕ. ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದವರೊಬ್ಬರು ಬರೆದದ್ದು. ಯಾವ ಚರಿತ್ರೆಯಲ್ಲೂ ಇಲ್ಲದ ಒಂದು ರಾಜ್ಯ. ಮೊದಲ ಅಂಕದಲ್ಲೇ ರಾಜ ಸಾಯುತ್ತಾನೆ, ರಾಣಿ ಪಟ್ಟಕ್ಕೆ ಬರುತ್ತಾಳೆ, ಎರಡನೆಯ ಅಂಕದಲ್ಲಿ ಸೇನಾಪತಿಗೆ ಕತ್ತಿ ಕೊಟ್ಟು ಯುದ್ಧಕ್ಕೆ ಕಳಿಸುತ್ತಾಳೆ, ಕೊನೆಯ ಅಂಕದಲ್ಲಿ ಶತ್ರುರಾಜನನ್ನು ತಾನೇ ಸೋಲಿಸುತ್ತಾಳೆ. ನಾಟಕ ಪೂರ್ತಿ ರಾಣಿಯದೇ. ಗಂಡು ಪಾತ್ರಗಳು ಮಾತ್ರ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು, ಏಕೆಂದರೆ ಲೇತ್ ಮೇಲೆ ಕೆಲಸ ಮಾಡುವವನಿಗೂ ಕ್ಯಾಂಟೀನಿನಲ್ಲಿ ಸೌಟು ಹಿಡಿಯುವವನಿಗೂ ಒಂದು ಸಲವಾದರೂ ಕಿರೀಟ ಹಾಕಬೇಕೆಂಬ ಆಸೆ. ಅವರು ಹಾರ್ಮೋನಿಯಂ ಮೇಷ್ಟ್ರ ಮುಂದೆ ಆರು ತಿಂಗಳು ಕೂತು ಮಾತು ಕಲಿಯುತ್ತಿದ್ದರು. ನಾನು ಶಿವಮೊಗ್ಗದ ಹೊಸಮನೆಯಿಂದ ಬಸ್ಸಿನಲ್ಲಿ ಹೋಗಿ ಕೊನೆಯ ನಾಲ್ಕು ರಿಹರ್ಸಲಿಗೆ ಸೇರಿಕೊಳ್ಳುತ್ತಿದ್ದೆ. ಅವರ ಮಾತೂ ನನಗೇ ಬಾಯಿಪಾಠವಾಗಿತ್ತು. ಎಷ್ಟು ಜನ ಮಂತ್ರಿಗಳಿಗೆ ನಾನು ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತು ಮಾತು ಹೇಳಿಕೊಟ್ಟಿದ್ದೇನೋ, ಲೆಕ್ಕವಿಲ್ಲ.

ಆ ಸಂಘದಲ್ಲಿ ಒಂದು ಪದ್ಧತಿ ಇತ್ತು. ಗ್ರ್ಯಾಂಡ್ ರಿಹರ್ಸಲಿನ ಭಾನುವಾರ ಗಂಡಸರೆಲ್ಲ ಪೂರ್ತಿ ವೇಷ ಹಾಕಿಕೊಂಡು, ಕಿರೀಟವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಸ್ಕೂಟರಿನಲ್ಲಿ ಇಬ್ಬಿಬ್ಬರಾಗಿ ಫೋಟೋ ಸ್ಟುಡಿಯೋಗೆ ಹೋಗುತ್ತಿದ್ದರು. ಕೆನ್ನೆಗೆ ಕೆಂಪು ಬಳಿದುಕೊಂಡ ಶತ್ರುರಾಜ ಸಿಗ್ನಲಿನಲ್ಲಿ ಕಾಲೂರಿ ನಿಂತಿರುವುದನ್ನು ನೋಡಿ ಆ ಊರಿನವರು ಯಾರೂ ನಗುತ್ತಿರಲಿಲ್ಲ. ಒಬ್ಬೊಬ್ಬರದೂ ಒಂದು ದೊಡ್ಡ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಸಂಘದ ಕೊಠಡಿಯ ಗೋಡೆಗೆ ತೂಗುಹಾಕುತ್ತಿದ್ದರು. ಇನ್ನೊಂದು ಪ್ರಿಂಟ್ ಅವರವರ ಮನೆಗೆ. ಭದ್ರಾವತಿಯ ಎಷ್ಟೋ ಮನೆಗಳ ಹಾಲಿನಲ್ಲಿ ಇವತ್ತಿಗೂ ದೇವರ ಪಟ, ಮದುವೆ ಫೋಟೋ, ಅದರ ಪಕ್ಕಕ್ಕೆ ಮೀಸೆ ತಿರುವಿ ನಿಂತ ಯಜಮಾನರು ಇದ್ದಾರೆ. ಅವರಲ್ಲೊಬ್ಬ ಮಂತ್ರಿ ಕೈಗಡಿಯಾರ ಬಿಚ್ಚಲು ಮರೆತಿದ್ದಾನೆ. ಮಗಳನ್ನು ನೋಡಲು ಬಂದ ಬೀಗರಿಗೆ ಅದನ್ನೂ ತೋರಿಸಿಯೇ ಕಾಫಿ ಕೊಟ್ಟದ್ದಂತೆ.

ಸಂಘಕ್ಕೆ ವಂತಿಗೆ ಹಾಕಿ ಪಾತ್ರ ತೆಗೆದುಕೊಂಡವರಿಗೆ ಫೋಟೋ, ಹೊರಗಿನಿಂದ ಸಂಭಾವನೆಗೆ ಬಂದವರಿಗೆ ಇಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಗೋಡೆಯ ಮೇಲೆ ಆರು ಸೇನಾಪತಿಗಳು, ಐದು ಶತ್ರುರಾಜರು, ಮಂತ್ರಿಗಳು, ಹಾಸ್ಯಗಾರರು, ಮೊದಲ ಅಂಕದಲ್ಲೇ ಸಾಯುವ ರಾಜಂದಿರು ಕೂಡ. ರಾಣಿ ಇಲ್ಲ. ಮದುಮಗಳಿಲ್ಲದ ಮದುವೆ ಫೋಟೋದ ಹಾಗೆ.

ನಮ್ಮ ಯಜಮಾನರು ಬದುಕಿದ್ದಾಗ ಎರಡು ಮೂರು ಸಲ ಹೇಳಿದ್ದರು, ನೀನೇ ಹೋಗಿ ಒಂದು ತೆಗೆಸಿಕೊಂಡು ಬಾ ಎಂದು. ನಾನು ಹೋಗಲಿಲ್ಲ. ನಾನಾಗಿ ತೆಗೆಸಿಕೊಂಡರೆ ಅದು ಪೆಟ್ಟಿಗೆಗೆ ಹೋಗುವ ಫೋಟೋ, ಗೋಡೆಗೆ ಬರುವ ಫೋಟೋ ಅಲ್ಲ. ಅವರು ಕೇಳಬೇಕಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಟಕದ ದಿನ ಯಾರೋ ಕೆಳಗಿನಿಂದ ತೆಗೆದ ನಾಲ್ಕೈದು ಚಿತ್ರಗಳು ನನ್ನ ಹತ್ತಿರ ಇವೆ. ಎಲ್ಲದರಲ್ಲೂ ನನ್ನ ಮುಖಕ್ಕೆ ಸರಿಯಾಗಿ ಮೈಕ್ ಅಡ್ಡ ಬಂದಿದೆ.

ಒಂದೇ ಒಂದು ಸಲ ನಾನು ಆ ಸ್ಟುಡಿಯೋದ ಒಳಗೆ ವೇಷದಲ್ಲಿ ನಿಂತದ್ದುಂಟು. ಅದು ನಾಲ್ಕನೆಯ ಸೇನಾಪತಿಯ ವರ್ಷ. ಅವನು ಕಾಗದದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ, ನನಗಿಂತ ಐದಾರು ವರ್ಷಕ್ಕೆ ಚಿಕ್ಕವನು, ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ. ರಂಗದ ಮೇಲೆ ಗುಡುಗುತ್ತಿದ್ದವನು ಕೆಳಗಿಳಿದರೆ ಸಕ್ಕರೆ ಕಮ್ಮಿ ಎಂದು ಹೇಳಲೂ ಹೆದರಿ ಸಪ್ಪೆ ಟೀ ಕುಡಿಯುವ ಜಾತಿ. ಹಿಂದಿನ ಮೂವರು ಸೇನಾಪತಿಗಳು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ನಿಂತು ಫೋಟೋ ತೆಗೆಸಿಕೊಂಡಿದ್ದರು. ಇವನಿಗೆ ಮಾತ್ರ ಎರಡನೆಯ ಅಂಕದ ಭಂಗಿಯೇ ಬೇಕು: ಒಂದು ಮಂಡಿಯೂರಿ, ಎರಡೂ ಅಂಗೈ ಚಾಚಿ, ರಾಣಿಯಿಂದ ಕತ್ತಿ ಸ್ವೀಕರಿಸುವುದು. ಆ ದೃಶ್ಯಕ್ಕೇ ಪ್ರತಿ ವರ್ಷ ಶಿಳ್ಳೆ ಬೀಳುತ್ತಿದ್ದದ್ದು. ಸ್ಟುಡಿಯೋದವರು ತಗಡಿನ ಕತ್ತಿಯನ್ನು ದಾರ ಕಟ್ಟಿ ಮೇಲಿನಿಂದ ಇಳಿಬಿಟ್ಟು ನೋಡಿದರು, ಅದು ಗಿರಗಿರ ತಿರುಗಿತು. ಕೊನೆಗೆ ಸಂಘದ ಕೊಠಡಿಗೆ ಹೇಳಿಕಳಿಸಿದರು. ನಾನು ರಿಹರ್ಸಲಿಗೆಂದು ಆಗಲೇ ವೇಷ ಹಾಕಿ ಕೂತಿದ್ದೆ, ಹೋದೆ. ಹೋಗುವಾಗ ಮನಸ್ಸು ಎಷ್ಟು ಕುಣಿಯಿತು ಎಂದು ಈಗ ಹೇಳಲು ನಾಚಿಕೆಯಿಲ್ಲ. ಕನ್ನಡಿ ಸಿಕ್ಕಲ್ಲೆಲ್ಲ ಬೈತಲೆ ನೋಡಿಕೊಂಡೆ.

ನಿಲ್ಲಿಸಿ, ಕೈಗೆ ಕತ್ತಿಯ ಹಿಡಿ ಕೊಟ್ಟು, ಕ್ಯಾಮೆರಾ ಹಿಂದಕ್ಕೆ ಹೋದ ಮೇಲೆ ಸ್ಟುಡಿಯೋದವರು ಹೇಳಿದರು: "ಅಮ್ಮ, ನೀವು ಫೋಟೋದಲ್ಲಿ ಬರಲ್ಲ, ಆಮೇಲೆ ಕಟ್ ಮಾಡ್ತೀನಿ. ಸುಮ್ನೆ ಕತ್ತಿ ಅಲ್ಲಾಡದ ಹಾಗೆ ಹಿಡ್ಕೊಳ್ಳಿ."

ನಾನು ಅಲ್ಲಾಡಲಿಲ್ಲ. ಸೇನಾಪತಿ ನನ್ನ ಮುಖವನ್ನೇ ಭಕ್ತಿಯಿಂದ ನೋಡುತ್ತಿದ್ದ. ನಾನು ಅವನನ್ನು ನೋಡದೆ ಕ್ಯಾಮೆರಾದ ಕಣ್ಣಿಗೇ ಕಣ್ಣು ನೆಟ್ಟು ನಿಂತೆ. ಕ್ಲಿಕ್ ಆಯಿತು, ಹೊರಗೆ ಬಂದೆ. ಅವತ್ತು ರಿಹರ್ಸಲಿನಲ್ಲಿ ಯಾರು ಏನು ತಪ್ಪಿದರೂ ನನ್ನಿಂದ ಬೈಸಿಕೊಂಡರು.

ಇದೆಲ್ಲ ಹಳೆಯ ಮಾತು. ವಯಸ್ಸಾಯಿತು, ನಾಟಕ ಬಿಟ್ಟೆ, ಸಂಘದವರೂ ನಾಟಕ ಬಿಟ್ಟರು. ಕಳೆದ ವರ್ಷ ಸಂಘದ ಅಧ್ಯಕ್ಷರು ಫೋನ್ ಮಾಡಿದರು. ಅವರು ಮೂರನೆಯ ಶತ್ರುರಾಜ, ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಹಲೋ ಎಂದರೂ ಡೈಲಾಗಿನಂತೆ ಕೇಳುತ್ತದೆ. ಸಂಘದ ಕೊಠಡಿಗೆ ಸುಣ್ಣಬಣ್ಣ ಆಗಿದೆ, ಹಳದಿಯಾದ ಫೋಟೋಗಳನ್ನೆಲ್ಲ ಹೊಸದಾಗಿ ಪ್ರಿಂಟ್ ಹಾಕಿಸಿ ಮುಂದಿನ ತಿಂಗಳ ಎರಡನೆಯ ಭಾನುವಾರ ತೂಗುಹಾಕುತ್ತೇವೆ, ಅವತ್ತು ನಿಮಗೊಂದು ಸನ್ಮಾನ ಎಂದರು. ಶಾಲು ಬೇಡ, ನನ್ನ ಟ್ರಂಕಿನಲ್ಲಿ ಶಾಲುಗಳೇ ಒಂದರ ಮೇಲೊಂದು ನುಸಿಗುಳಿಗೆ ವಾಸನೆ ಕುಡಿಯುತ್ತಿವೆ ಎಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನನಗೆ ಬೇಕಾದ್ದು ಒಂದೇ, ಆ ಗೋಡೆಯ ಮೇಲೆ ರಾಣಿಯ ಫೋಟೋ ಬರಬೇಕು. ಅಷ್ಟು ವರ್ಷಗಳಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಫೋಟೋ ಎಲ್ಲಿದೆ ಅಮ್ಮ?" ಎಂದರು ಅಧ್ಯಕ್ಷರು. "ಇದ್ದಿದ್ರೆ ಹಾಕ್ದೇ ಇರ್ತಿದ್ವಾ?"

ನಾನು ಫೋನ್ ಇಟ್ಟುಬಿಟ್ಟೆ. ಆದರೆ ಅವರಿಗೆ ಒಳಗೊಳಗೇ ಕೊರೆದಿರಬೇಕು. ಹತ್ತು ದಿನಕ್ಕೆ ವಾಟ್ಸಾಪಿನಲ್ಲಿ ಕಾರ್ಯಕ್ರಮದ ಫ್ಲೆಕ್ಸಿನ ಚಿತ್ರ ಬಂತು. ಎಲ್ಲ ಗಂಡಸರೂ ಕಿರೀಟ ಹೊತ್ತು ಸಾಲಾಗಿದ್ದಾರೆ, ನಡುವೆ ರಾಣಿ ಎಂಬ ಹೆಸರಿನ ಮೇಲೆ ಒಬ್ಬ ಬೆಳ್ಳಗಿನ ಹುಡುಗಿ. ಯಾವುದೋ ಒಡವೆ ಅಂಗಡಿಯ ಜಾಹೀರಾತಿನವಳು. ಕಿವಿಯೋಲೆಯ ಕಡೆ ಬೆರಳು ತೋರಿಸಿಕೊಂಡು ನಗುತ್ತಿದ್ದಾಳೆ. ಕೆಳಗೆ ಅಧ್ಯಕ್ಷರ ಧ್ವನಿ ಸಂದೇಶ: ರಾಣಿಯನ್ನು ಹಾಕಿಸಿದ್ದೀವಿ, ಸಮಾಧಾನ ಆಯ್ತಲ್ಲ.

ನನಗೆ ಆದ ಸಮಾಧಾನವನ್ನು ಮೊದಲು ಅನುಭವಿಸಿದವಳು ಆ ಫ್ಲೆಕ್ಸ್ ಮಾಡಿದ ಹುಡುಗಿ. ಫ್ಲೆಕ್ಸಿನ ಮೂಲೆಯಲ್ಲೇ ಹೆಸರಿದ್ದ ಅಂಗಡಿ ಶಿವಮೊಗ್ಗದಲ್ಲೇ, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಕಂಪ್ಯೂಟರಿನ ಮುಂದೆ ಕೂತಿದ್ದ ಅವಳನ್ನು, ನಾನು ಯಾರೆಂದು ಹೇಳುವ ಮೊದಲೇ ಬೈದು ಮುಗಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಕುಡಿಯಲು ನೀರು ಕೊಟ್ಟಳು. ಒಂದು ರಾಣಿ ಫೋಟೋ ಹಾಕಿ ಎಂದಿದ್ದರಂತೆ, ನೆಟ್‌ನಲ್ಲಿ ಹುಡುಕಿ ಹಾಕಿದ್ದಳಂತೆ. ಅವಳ ತಪ್ಪೇನಿದೆ? ನಿಜವಾದ ರಾಣಿಯೊಬ್ಬಳು ಇದ್ದಾಳೆ ಎಂದು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ಈಗ ವೇಷ ಹಾಕಿ ಒಂದು ಫೋಟೋ ಕೊಡಿ ಆಂಟಿ, ಆ್ಯಪಿನಲ್ಲಿ ವಯಸ್ಸು ಕಮ್ಮಿ ಮಾಡಿಕೊಡ್ತೀನಿ ಎಂದಳು. ಬೇಡ ಎಂದೆ. ನನ್ನ ವಯಸ್ಸನ್ನು ನಾನು ದುಡಿದು ಸಂಪಾದಿಸಿದ್ದೇನೆ. ಆಗಿನದು ಬೇಕು, ಇಲ್ಲವೇ ಏನೂ ಬೇಡ.

ಮಾರನೆಯ ದಿನವೇ ಭದ್ರಾವತಿಯ ಬಸ್ ಹತ್ತಿದೆ. ಅಧ್ಯಕ್ಷರಿಗೆ ಮುಖಕ್ಕೆ ಹೇಳಬೇಕಾದ ಮಾತುಗಳನ್ನು ಅರ್ಧ ದಾರಿಯ ಮಾಚೇನಹಳ್ಳಿ ಬರುವಷ್ಟರಲ್ಲಿ ಜೋಡಿಸಿಕೊಂಡಾಗಿತ್ತು. ಕೊಠಡಿಯಲ್ಲಿ ಅಧ್ಯಕ್ಷರು ಇರಲಿಲ್ಲ. ನಾಲ್ಕನೆಯ ಸೇನಾಪತಿ ಒಬ್ಬನೇ ಕೂತು ಹಳೆಯ ಕಟ್ಟುಗಳ ಗಾಜು ಒರೆಸುತ್ತಿದ್ದ. ತಲೆ ಪೂರ್ತಿ ನರೆತಿತ್ತು. ಅಕ್ಕ ಎಂದು ಎದ್ದು ನಿಂತ.

ಗೋಡೆಯೆಲ್ಲ ಬರಿದಾಗಿತ್ತು, ಫೋಟೋಗಳನ್ನು ಕೆಳಗಿಳಿಸಿ ಒರಗಿಸಿದ್ದರು. ಒಂದು ಮಾತ್ರ ಗೋಡೆಯ ಮೇಲೇ ಇತ್ತು. ಅದು ಅವನದೇ. ಮಂಡಿಯೂರಿದ ಸೇನಾಪತಿ, ಚಾಚಿದ ಅಂಗೈ, ಅದರ ಮೇಲೆ ಬಲಗಡೆಯ ಅಂಚಿನಿಂದ ಇಳಿದುಬಂದ ಕತ್ತಿಯ ಅಲಗು. ಹಿಡಿಯೂ ಇಲ್ಲ, ಹಿಡಿದವಳೂ ಇಲ್ಲ. ಅವನು ಮಾತ್ರ ಮುಖವೆತ್ತಿ ಖಾಲಿ ಜಾಗವನ್ನು ಭಕ್ತಿಯಿಂದ ನೋಡುತ್ತಿದ್ದಾನೆ. ಆ ಅಂಚಿನ ಗಾಜಿನ ಮೇಲೆ ಅರಿಶಿನ ಕುಂಕುಮ ಹೆಬ್ಬೆರಳಿನಷ್ಟು ದಪ್ಪಗೆ ಕಟ್ಟಿತ್ತು, ಮೇಲೆ ಒಣಗಿದ ಸೇವಂತಿಗೆ.

ಇದೇನು ಎಂದು ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು. ನಾನು ನಾಟಕ ಬಿಟ್ಟ ಮೇಲೆ ಯಾವುದೋ ವರ್ಷ ಆಯುಧಪೂಜೆಯ ದಿನ ಹೊಸದಾಗಿ ಸಂಘಕ್ಕೆ ಸೇರಿದ ಒಬ್ಬರು ಈ ಫೋಟೋ ನೋಡಿ, ದೇವಿ ಪ್ರತ್ಯಕ್ಷಳಾಗಿ ಕತ್ತಿ ಕೊಡುತ್ತಿದ್ದಾಳೆ ಎಂದು ಆ ಅಂಚಿಗೆ ಕುಂಕುಮ ಇಟ್ಟರು. ಕಾರ್ಖಾನೆಯ ಊರು, ಆಯುಧವೆಂದರೆ ಅಲ್ಲಿ ಮೊದಲೇ ಭಯಭಕ್ತಿ. ಮರುವರ್ಷ ಇನ್ನಿಬ್ಬರು ಇಟ್ಟರು. ಆಮೇಲೆ ಪ್ರತಿ ವರ್ಷ ಕುಂಬಳಕಾಯಿ ಒಡೆದು ಮಂಗಳಾರತಿಯೂ ಶುರುವಾಯಿತು. ದೇವಿ ಕಣ್ಣಿಗೆ ಕಾಣಿಸದಿರುವುದೇ ಚೆನ್ನ ಎಂದು ಒಬ್ಬರು ಭಾಷಣವನ್ನೂ ಮಾಡಿದರಂತೆ.

"ನೀನು ಹೇಳಲಿಲ್ವಾ ಮಾರಾಯ?"

"ಹೇಗೆ ಹೇಳಲಿ ಅಕ್ಕ? ಎಲ್ಲರೂ ಕೈ ಮುಗಿದು ನಿಂತಿದ್ರು. ನಾನೂ ಮುಗಿದೆ. ನನಗೆ ಗೊತ್ತಿತ್ತಲ್ಲ ಅದು ನೀವು ಅಂತ."

ನಾನು ನಕ್ಕೆ. ಆ ಖಾಲಿ ಕೊಠಡಿಯಲ್ಲಿ ಸೊಂಟ ಹಿಡಿದುಕೊಂಡು ನಕ್ಕೆ. ನಗು ನಿಂತಾಗ ಕಣ್ಣು ಒದ್ದೆಯಾಗಿತ್ತು, ಯಾಕೆಂದು ಕೇಳುವಷ್ಟು ಧೈರ್ಯ ಸೇನಾಪತಿಗೆ ಇರಲಿಲ್ಲ. ಕತ್ತರಿಸಿ ಬಿಸಾಕಿದ ನನ್ನ ಕೈಗೆ ಇವರು ಇಷ್ಟು ವರ್ಷ ಮಂಗಳಾರತಿ ಎತ್ತಿದ್ದಾರೆ. ಆಗಲೇ ನನಗೆ ಹೊಳೆದದ್ದು, ಕತ್ತರಿಸಿದ್ದು ಪ್ರಿಂಟನ್ನು ಇರಬೇಕು, ನೆಗೆಟಿವ್ ಏನಾಯಿತು?

ಸ್ಟುಡಿಯೋದವರು ತೀರಿಕೊಂಡಿದ್ದರು. ಅದೇ ಬೀದಿಯಲ್ಲಿ ಅವರ ಮಗ ಝೆರಾಕ್ಸ್ ಇಟ್ಟುಕೊಂಡು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುತ್ತಾನೆ. ಅಪ್ಪನ ನೆಗೆಟಿವ್‌ಗಳನ್ನು ಬಿಸಾಡಲು ಅವನ ತಾಯಿ ಬಿಟ್ಟಿರಲಿಲ್ಲ, ಬಿಸ್ಕತ್ತಿನ ಡಬ್ಬಗಳಲ್ಲಿ ಅಟ್ಟದ ಮೇಲಿದ್ದವು. ಲಕೋಟೆಗಳ ಮೇಲೆ ಮನುಷ್ಯರ ಹೆಸರಿಲ್ಲ, ಪಾತ್ರದ್ದು ಮಾತ್ರ: ಮಂತ್ರಿ ಎರಡು, ಶತ್ರುರಾಜ ಮೂರು. ನಾನು ಅಭ್ಯಾಸಬಲದಿಂದ ರಾಣಿ ಎಂದು ಬರೆದದ್ದನ್ನು ಹುಡುಕಿದೆ, ಇರಲಿಲ್ಲ. ಮೂರನೆಯ ಡಬ್ಬದಲ್ಲಿ ಸೇನಾಪತಿ ನಾಲ್ಕು ಸಿಕ್ಕಿತು. ನೆಗೆಟಿವ್‌ನ ಬಲಗಡೆ ಅರ್ಧಕ್ಕೆ ಕಪ್ಪು ಕಾಗದದ ಪಟ್ಟಿ, ಅಂಚಿನಲ್ಲಿ ಮಾತ್ರ ಟೇಪು. ಪ್ರಿಂಟ್ ಹಾಕುವಾಗ ಆ ಕಡೆ ಬರಬಾರದೆಂದು ಅಂಟಿಸಿದ್ದು. ಮಗ ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಟ್ಯೂಬ್‌ಲೈಟಿಗೆ ಹಿಡಿದ. ಕಪ್ಪು ಬಿಳುಪು ಅದಲುಬದಲಾಗಿ ನನ್ನ ಮುಖ ಕಪ್ಪಗೆ, ಕೂದಲು ಬೆಳ್ಳಗೆ. ಆದರೂ ಅದು ನಾನೇ. ಮೈಕ್ ಇಲ್ಲದ ನಾನು.

ಶಿವಮೊಗ್ಗಕ್ಕೆ ತಂದು ಫ್ಲೆಕ್ಸ್ ಅಂಗಡಿಯ ಹುಡುಗಿಗೇ ಕೊಟ್ಟೆ. ಸೇನಾಪತಿಯೂ ಜೊತೆಗೆ ಬಂದಿದ್ದ. ಅವಳು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬಿಡಿಸಿದಾಗ ಮೂವರೂ ಪರದೆಯ ಹತ್ತಿರಕ್ಕೆ ಬಗ್ಗಿದೆವು. ಸೇನಾಪತಿಯ ಅರ್ಧದ ಮೇಲೆ ತುಂಬ ಗೀರು, ಇಷ್ಟು ವರ್ಷ ಲಕೋಟೆಗೆ ಉಜ್ಜಿ ಉಜ್ಜಿ ಸವೆದಿತ್ತು. ಕಾಗದದ ಕೆಳಗೆ ಕೂತಿದ್ದ ನನ್ನ ಅರ್ಧಕ್ಕೆ ಒಂದು ಧೂಳಿನ ಕಣವೂ ತಾಗಿರಲಿಲ್ಲ. ಬಳೆ ಎಣಿಸಬಹುದಿತ್ತು. ನಾನು ಅವತ್ತು ಸಿಟ್ಟಿನಿಂದ ಉರಿಯುತ್ತಿದ್ದೆ, ಮುಖ ಕೆಟ್ಟು ಹೋಗಿರುತ್ತದೆ ಎಂದುಕೊಂಡಿದ್ದೆ. ಸಿಟ್ಟಿನ ತಲೆಗೆ ಕಿರೀಟ ಇಟ್ಟರೆ ಗಾಂಭೀರ್ಯವಾಗುತ್ತದೆ ಎಂದು ಆಗಲೇ ಗೊತ್ತಾದದ್ದು. ಸೇನಾಪತಿ ರಾಣಿಯನ್ನು ನೋಡುತ್ತಿದ್ದಾನೆ, ರಾಣಿ ನೋಡುವವರನ್ನೇ ನೇರವಾಗಿ ನೋಡುತ್ತಿದ್ದಾಳೆ, ನೀವು ಯಾರು ನನ್ನನ್ನು ಕತ್ತರಿಸುವುದಕ್ಕೆ ಎಂಬಂತೆ.

"ಅಕ್ಕ, ನನ್ನ ಕಟ್ ಮಾಡಿಸಿ," ಎಂದ ಸೇನಾಪತಿ. "ಇಷ್ಟು ವರ್ಷ ನಾನೊಬ್ಬನೇ ಇದ್ದೆ. ಇನ್ನು ನೀವೊಬ್ಬರೇ ಇರಿ."

ಆಸೆ ಆಗಲಿಲ್ಲ ಎಂದರೆ ಸುಳ್ಳು. ಒಂದು ಕ್ಲಿಕ್ಕಿನ ಕೆಲಸ ಆಂಟಿ ಎಂದು ಹುಡುಗಿಯೂ ಹೇಳಿದಳು. ಆದರೆ ಕತ್ತಿಯನ್ನು ಗಾಳಿಗೆ ಕೊಡಲು ಬರುತ್ತದೆಯೇ? ಅದೂ ಅಲ್ಲದೆ, ಆ ಗೋಡೆಯ ಮೇಲಿದ್ದ ಅಷ್ಟೂ ಗಂಡಸರಲ್ಲಿ ನನ್ನನ್ನು ನೋಡುತ್ತಿದ್ದವನು ಇವನೊಬ್ಬನೇ. ಸುಮ್ಮನಿರು ಎಂದು ಗದರಿಸಿ, ಪೂರ್ತಿ ಪ್ರಿಂಟ್ ಹಾಕಿಸಿದೆ.

ಆ ಭಾನುವಾರ ಬೆಳಿಗ್ಗೆ ಕಟ್ಟು ಹಾಕಿಸಿದ ಫೋಟೋವನ್ನು ಸೀರೆಯಲ್ಲಿ ಸುತ್ತಿಕೊಂಡು ನಾನೂ, ನನ್ನನ್ನು ಕರೆದೊಯ್ಯಲು ಬಂದ ಸೇನಾಪತಿಯೂ ಆಟೋದಲ್ಲೇ ಭದ್ರಾವತಿಗೆ ಹೋದೆವು. ಕೊಠಡಿ ತುಂಬ ಜನ. ಹಳೆಯ ಶತ್ರುರಾಜರು, ಮಂತ್ರಿಗಳು, ಅವರ ಸೊಸೆಯಂದಿರು, ತಮಿಳು ಮಾತಾಡುವ ಕಾಲೊನಿಯಿಂದ ಬಂದ ಹಳೆಯ ಪ್ರೇಕ್ಷಕರು. ಹೊಸ ಪ್ರಿಂಟುಗಳೆಲ್ಲ ಒಂದೇ ಅಳತೆಯಲ್ಲಿ ಆಗಲೇ ಗೋಡೆಗೇರಿದ್ದವು. ನಾನು ಫೋಟೋಗೆ ಸುತ್ತಿದ್ದ ಸೀರೆ ಬಿಚ್ಚಿದೆ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಒಳ್ಳೆಯ ಫೋಟೋ ಅಮ್ಮ ಎಂದರು. ಆಮೇಲೆ, ಆದರೆ ಎಂದರು. ಸೇನಾಪತಿಯ ಹಳೆಯ ಪಟಕ್ಕೆ ಇಷ್ಟು ವರ್ಷ ಪೂಜೆ ಆಗಿದೆ, ಅದಕ್ಕೇ ಅದೊಂದನ್ನು ಮುಟ್ಟದೆ ಹಾಗೇ ಬಿಟ್ಟಿದ್ದೇವೆ, ಪೂಜೆ ಆದದ್ದನ್ನು ಇಳಿಸಿದರೆ ಏನು ಕೇಡೋ ಏನೋ. ಇದನ್ನು ಬಾಗಿಲ ಪಕ್ಕ ಹಾಕೋಣ, ಅಲ್ಲಿ ಜಾಗ ಇದೆ. ಹಿಂದೆ ನಿಂತಿದ್ದ ಒಂದಿಬ್ಬರು ಹೌದು ಹೌದು ಎಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಯಾವುವೂ ಬೇಕಾಗಲಿಲ್ಲ. ನನ್ನ ಬಲಗೈಯನ್ನು ಅವರ ಮುಂದೆ ಚಾಚಿದೆ.

"ಪೂಜೆ ಆಗಿದ್ದು ಈ ಕೈಗೆ ಮಾರಾಯ್ರೆ," ಎಂದೆ. "ಇದನ್ನ ಬಾಗಿಲ ಪಕ್ಕ ಇಡ್ತೀರಾ?"

ಎರಡನೆಯ ಅಂಕದ ಧ್ವನಿ ತಾನಾಗಿ ಬಂದಿತ್ತು. ನನ್ನ ಹಿಂದೆ ಸೇನಾಪತಿ ಹಳೆಯ ಪಟವನ್ನೂ ನೋಡಿ ಹೊಸದನ್ನೂ ನೋಡಿ, ಜೀವನದಲ್ಲಿ ಮೊದಲ ಸಲ ರಂಗದ ಕೆಳಗೂ ಗಟ್ಟಿಯಾಗಿ, ಅಕ್ಕ ಹೇಳ್ತಿರೋದು ಸತ್ಯ, ನಾನು ನೋಡ್ತಿರೋದು ಇವರನ್ನೇ ಎಂದ. ತಮಿಳು ಕಾಲೊನಿಯ ಒಬ್ಬ ಮುದುಕಿ ಮುಂದೆ ಬಂದು ಫೋಟೋ ನೋಡಿ, ನನ್ನ ಮುಖ ನೋಡಿ, ನೆಟಿಕೆ ಮುರಿದು ದೃಷ್ಟಿ ತೆಗೆದಳು. ಅಲ್ಲಿಗೆ ಮುಗಿಯಿತು. ಹೌದು ಹೌದು ಎಂದಿದ್ದವರು ಈಗ ಇದಕ್ಕೂ ಹೌದು ಹೌದು ಎಂದರು.

ಹಳೆಯ ಪಟವನ್ನು ಸೇನಾಪತಿಯೇ ಇಳಿಸಿ ಕಣ್ಣಿಗೊತ್ತಿಕೊಂಡ. ಆದರೆ ನಮ್ಮದು ಬೇರೆಲ್ಲಕ್ಕಿಂತ ಎರಡರಷ್ಟು ಅಗಲ, ಆ ಜಾಗದಲ್ಲಿ ಹಿಡಿಯಲಿಲ್ಲ. ಬಲಗಡೆ ಇದ್ದದ್ದು ಮೂರನೆಯ ಶತ್ರುರಾಜ, ಅಂದರೆ ಅಧ್ಯಕ್ಷರು. ಅವರು ಟೇಪು ಹಿಡಿದು ಅಳೆದರು, ಇನ್ನೊಂದು ಸಲ ಅಳೆದರು. ಕೊನೆಗೆ ಸ್ಟೂಲ್ ಹತ್ತಿ ತಮ್ಮ ಫೋಟೋ ಇಳಿಸಿ, ಅದರ ಮೊಳೆಯನ್ನು ತಾವೇ ಕಿತ್ತರು. ಅವರ ಪಕ್ಕದ ಮಂತ್ರಿ ಸರಿದ, ಅವನ ಪಕ್ಕದ ಹಾಸ್ಯಗಾರ ಸರಿದ, ಕೈಗಡಿಯಾರದವನೂ ಸರಿದ. ಇಡೀ ಸಾಲು ಒಂದೊಂದು ಮೊಳೆಯಾಗಿ ಬಾಗಿಲ ಕಡೆಗೆ ಹೊರಟಿತು. ನಮ್ಮ ಫೋಟೋಗೆ ಮೊಳೆ ಹೊಡೆಯಲು ಯಾರೋ ಮುಂದೆ ಬಂದರು. ನಾನು ಸುತ್ತಿಗೆ ಇಸಿದುಕೊಂಡೆ. ಮಂಡಿನೋವು ಎಂದು ಮನೆಯಲ್ಲಿ ದೇವರ ಕೋಣೆಯ ಹೊಸ್ತಿಲು ದಾಟಲೂ ಗೊಣಗುವ ಹೆಂಗಸು ಸ್ಟೂಲ್ ಹತ್ತಿದೆ. ಮೂರೇ ಏಟಿಗೆ ಮೊಳೆ ಕೂತಿತು.

ಇಳಿದು ಬಂದು ಒಂದು ಕುರ್ಚಿ ಕೇಳಿದೆ. ಸನ್ಮಾನದ ವೇದಿಕೆಯ ಕಡೆಗೆ ಇಟ್ಟರು, ಬೇಡ ಎಂದು ಗೋಡೆಯ ಕಡೆಗೆ ತಿರುಗಿಸಿ ಹಾಕಿಸಿಕೊಂಡೆ. ಭಾಷಣ ಶುರುವಾಯಿತು, ನಾನು ಬೆನ್ನು ಮಾಡಿ ಕೂತೇ ಇದ್ದೆ. ಯಾರೋ ಟೀಯನ್ನು ಅಲ್ಲಿಗೇ ತಂದುಕೊಟ್ಟರು. ನಿಧಾನಕ್ಕೆ ಕುಡಿಯುತ್ತ ಅವಳ ಬೈತಲೆ, ಬಳೆ, ಕತ್ತಿ ಹಿಡಿದ ಬೆರಳು, ಎಲ್ಲವನ್ನೂ ನೋಡಿದೆ. ಸಾವಿರ ಜನ ನನ್ನನ್ನು ಹಾಗೆ ನೋಡಿದ್ದರು, ನಾನು ಅವರಂತೆ ಕುರ್ಚಿಯಲ್ಲಿ ಕೂತು ನೋಡಿಕೊಂಡದ್ದು ಅದೇ ಮೊದಲು. ಚೆನ್ನಾಗಿ ಮಾಡುತ್ತಿದ್ದಳು ಎನ್ನಿಸಿತು.